ಮೊದಲೇ ಅತ್ತ ಊರು

ಆ ಊರಿನಲ್ಲಿ ಸತ್ತವರಿಗಾಗಿ ಯಾರೂ ಅಳುತ್ತಿರಲಿಲ್ಲ. ಸಾಯುವ ಮೊದಲೇ ಅತ್ತು ಮುಗಿಸಿಬಿಡುತ್ತಿದ್ದರು.

ಸುಣ್ಣಕಲ್ಲಿನ ಬೋಳು ಗುಡ್ಡ, ಅದರ ಬುಡದಲ್ಲಿ ಊರು. ಗೂಡುಗಳಲ್ಲಿ ಕಲ್ಲು ಸುಡುತ್ತಿದ್ದರು. ಬಿಳಿ ಧೂಳು ಏಳುತ್ತಿತ್ತು. ಎದ್ದದ್ದು ಬೀದಿಯ ಮೇಲೆ, ಬಾಗಿಲುಗಳ ಮೇಲೆ, ಮಲಗಿದ ನಾಯಿಗಳ ಬೆನ್ನ ಮೇಲೆ ಇಳಿಯುತ್ತಿತ್ತು. ಒಗೆದು ಹರವಿದ ಸೀರೆಯ ಬಣ್ಣ ಅದು ಒಣಗುವಷ್ಟರಲ್ಲಿ ಮಾಸಿಹೋಗುತ್ತಿತ್ತು. ಹೊರಗಿನಿಂದ ಬಂದವರಿಗೆ ಇಡೀ ಊರು ಯಾರದೋ ಸೂತಕದಲ್ಲಿದೆ ಅನ್ನಿಸುತ್ತಿತ್ತು. ಅವರಿಗೆ ಅನ್ನಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಊರಿನ ಕಟ್ಟಳೆ ಒಂದೇ. ನಿನ್ನವರಿಗೆ ಏನೋ ಆಗಿಬಿಡುತ್ತದೆ ಎಂಬ ಯೋಚನೆ ನಿನಗೆ ಬಂದರೆ, ಅದು ಆಗುವ ಮೊದಲೇ ನೀನು ಅದಕ್ಕಾಗಿ ಅಳಬೇಕು. ಏಕೆಂದರೆ ಅಂಥ ಯೋಚನೆ ಸುಮ್ಮನೆ ಬರುವುದಿಲ್ಲ, ಸಾವು ಹೇಳಿಕಳಿಸಿದ್ದರಿಂದ ಬರುತ್ತದೆ. ಅತ್ತರೆ, ಸಾವು ಬಾಗಿಲವರೆಗೆ ಬಂದು ಇಣುಕಿ, ಇಲ್ಲಿ ಕೆಲಸ ಆಗಿಹೋಗಿದೆ ಅಂದುಕೊಂಡು ಮುಂದಿನ ಮನೆಗೆ ನಡೆಯುತ್ತದೆ. ಅಳದೆ ಬಚ್ಚಿಟ್ಟರೆ ಒಳಗೆ ಬರುತ್ತದೆ. ಇದನ್ನು ಯಾರು ಮೊದಲು ಹೇಳಿದರೋ ಯಾರಿಗೂ ಗೊತ್ತಿರಲಿಲ್ಲ. ಭಯಪಟ್ಟವರು ಯಾರೋ ಹೇಳಿರಬೇಕು.

ಅಳುವುದಕ್ಕೂ ಒಂದು ಕ್ರಮ ಇತ್ತು. ಯಾರ ಬಗ್ಗೆ ಯೋಚನೆ ಬಂತೋ ಅವರನ್ನು ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ಕೂರಿಸಬೇಕು. ಹೊಸ ಮಡಕೆಯಲ್ಲಿ ನೀರು ತುಂಬಿ, ಅವರ ಸುತ್ತ ನಡೆದು, ಮಡಕೆಯನ್ನು ಅವರ ಕಾಲ ಬಳಿ ಒಡೆಯಬೇಕು. ಎಳ್ಳುನೀರು ಬಿಡಬೇಕು. ಎದೆ ಬಡಿದುಕೊಂಡು, ಗಂಟಲು ಕಟ್ಟುವ ತನಕ ಅಳಬೇಕು. ಆಮೇಲೆ ಅವರ ಹೆಸರು ಅಳಿಸಿಬಿಡಬೇಕು. ಅವತ್ತಿನಿಂದ ಅವರು ಹೋದವರು. ಅವರನ್ನು ಮುಟ್ಟುವಂತಿಲ್ಲ, ಕರೆಯುವಂತಿಲ್ಲ, ಕಣ್ಣಿಟ್ಟು ನೋಡುವಂತಿಲ್ಲ. ನೋಡಿದರೆ ಸಾವಿಗೆ ತಾನು ಮೋಸಹೋದದ್ದು ಗೊತ್ತಾಗುತ್ತದೆ. ಹಿತ್ತಲ ಜಗಲಿಯಲ್ಲಿ ಅವರಿಗೊಂದು ಚಾಪೆ. ಊಟದ ಹೊತ್ತಿಗೆ ಮನೆಯವರು ಬೆನ್ನು ಮುಂದಾಗಿ ನಡೆದು ಹೋಗಿ, ತಿರುಗಿ ನೋಡದೆ, ಎಲೆ ಇಟ್ಟು ಬರುತ್ತಿದ್ದರು.

ಬೇರೆಯವರಿಗೆ ಇದು ಕಲ್ಲು ಮನಸ್ಸು ಅನ್ನಿಸಬಹುದು. ಆ ಊರಿನವರಿಗೆ ಇದಕ್ಕಿಂತ ದೊಡ್ಡ ಪ್ರೀತಿ ಇರಲಿಲ್ಲ. ಯಾರಾದರೂ ಕೇಳಿದರೆ ಹಿತ್ತಲ ಕಡೆ ಕೈ ಮಾಡಿ, "ಬದುಕಿದ್ದಾರಲ್ಲ, ನೋಡಿ" ಅನ್ನುತ್ತಿದ್ದರು. ತಾವು ಮಾತ್ರ ನೋಡುತ್ತಿರಲಿಲ್ಲ. ಯೋಚನೆ ಬಂದೂ ಅಳದೆ, ಆದರೂ ಏನೂ ಆಗದೆ ಉಳಿದ ಮನೆ ಯಾವುದಾದರೂ ಇದೆಯೇ ಎಂದು ಕೇಳುವವರು ಇರಲಿಲ್ಲ. ಅಂಥ ಮನೆ ಇದ್ದರೂ ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ದಿನಾ ದೀಪ ಹಚ್ಚುವ ಹೊತ್ತಿಗೆ ಅಳುವಮ್ಮ ಬೀದಿಗೆ ಇಳಿಯುತ್ತಿದ್ದಳು. ಊರಿಗೆಲ್ಲ ಅಳು ಹೇಳಿಕೊಡುವ ಮುದುಕಿ ಅವಳು. ಒಂದೊಂದೇ ಬಾಗಿಲ ಮುಂದೆ ನಿಂತು ಕೇಳುತ್ತಿದ್ದಳು: "ಏನಾದ್ರೂ ಬಂತಾ?"

"ಏನೂ ಬರಲಿಲ್ಲಮ್ಮ" ಎಂದು ಒಳಗಿನಿಂದ ಹೇಳಬೇಕು. ಹೇಳಿದರೆ ಮುಂದಿನ ಬಾಗಿಲಿಗೆ ಹೋಗುತ್ತಿದ್ದಳು. ಬಂತು ಎಂದರೆ ಅಲ್ಲೇ ಕೂತು ಸೆರಗು ಬಿಗಿದುಕೊಳ್ಳುತ್ತಿದ್ದಳು. ಸಂಜೆಯಾಯಿತೆಂದರೆ ಆ ಊರಿನಲ್ಲಿ ಎರಡೇ ಸದ್ದು. ಒಂದು ಆ ಪ್ರಶ್ನೆ, ಇನ್ನೊಂದು ಎಲ್ಲೋ ಒಂದು ಮಡಕೆ ಒಡೆಯುವುದು.

ಬೀದಿಯ ಕೊನೆಯಲ್ಲಿ ಸುಣ್ಣದ ಗೂಡು ಕಾಯುವವನೊಬ್ಬನ ಮನೆ. ಮನೆಯಲ್ಲಿ ಅವನು, ಅವನ ತಾಯಿ, ಅವನ ಹೆಂಡತಿ, ತೊಟ್ಟಿಲಲ್ಲೊಂದು ಹೆಣ್ಣು ಕೂಸು. ಹಿತ್ತಲ ಜಗಲಿಯಲ್ಲಿ ಅವನ ಅಣ್ಣ. ಅಣ್ಣ ಅನ್ನಬಾರದು, ಹೋದವನು ಅನ್ನಬೇಕು. ಹುಡುಗನಾಗಿದ್ದಾಗಲೇ ಅವನಿಗಾಗಿ ಅತ್ತಾಗಿತ್ತು. ಅವನು ಆ ಚಾಪೆಯ ಮೇಲೇ ಬೆಳೆದು, ಗಡ್ಡ ಬಂದು, ಗಡ್ಡದಲ್ಲಿ ನರೆಯೂ ಬಂದಿತ್ತು. ಹಗ್ಗ ಹೊಸೆಯುತ್ತಿದ್ದ. ಹೊಸೆದದ್ದನ್ನು ಬಾಗಿಲ ಬಳಿ ಇಡುತ್ತಿದ್ದ, ಅದು ಹೇಗೋ ಬಂದ ಹಗ್ಗವೆಂಬಂತೆ ಮನೆಯವರು ಎತ್ತಿಕೊಳ್ಳುತ್ತಿದ್ದರು.

ಸೊಸೆಯೂ ಅದೇ ಊರಿನ ಹೆಣ್ಣು. ಕಟ್ಟಳೆಯನ್ನು ಹಾಲಿನ ಜೊತೆಗೇ ಕುಡಿದವಳು. ಒಂದು ಮಧ್ಯಾಹ್ನ ಅವಳು ಕೂಸನ್ನು ತೊಟ್ಟಿಲಿಗೆ ಹಾಕಿ ತೂಗುತ್ತಿದ್ದಳು. ಕೂಸು ನಿದ್ದೆಯಲ್ಲಿ ಉಸಿರೆಳೆದುಕೊಂಡಿತು, ಬಿಡುವುದಕ್ಕೆ ಒಂದು ಗಳಿಗೆ ತಡ ಮಾಡಿತು. ಆ ಗಳಿಗೆಯಲ್ಲಿ ಯೋಚನೆ ಬಂತು. ತಾನು ತೊಟ್ಟಿಲು ತೂಗುತ್ತಿದ್ದೇನೆ, ಅದರಲ್ಲಿ ಕೂಸು ಇಲ್ಲ.

ಕೂಸು ಉಸಿರು ಬಿಟ್ಟು, ಬಾಯಿ ಚಪ್ಪರಿಸಿ, ಆ ಕಡೆ ಹೊರಳಿತು. ಆದರೆ ಅವಳ ಕೈ ಹಗ್ಗದ ಮೇಲೇ ನಿಂತುಹೋಗಿತ್ತು. ಹೊಟ್ಟೆಯೊಳಗೆ ತಣ್ಣಗಾಯಿತು, ಪಕ್ಕೆಗಳು ಬಿಗಿದವು, ಕಿವಿ ಗುಂಯ್ ಎಂದಿತು. ಅವಳಿಗೆ ಭಯವಾಯಿತು. ಹಿಂದೆಂದೂ ಆಗಿರದಷ್ಟು ಭಯವಾಯಿತು.

ಸಂಜೆ ಬಂತು, ಪ್ರಶ್ನೆಯೂ ಬಂತು. "ಏನಾದ್ರೂ ಬಂತಾ?"

"ಏನೂ ಬರಲಿಲ್ಲಮ್ಮ" ಎಂದಳು ಸೊಸೆ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ಅವಳಿಗೇ ಆಶ್ಚರ್ಯ.

ಆದರೆ ಸುಳ್ಳು ಹೇಳಿದ ಮೇಲೆ ಒಂದಿದ್ದ ಭಯ ಎರಡಾಯಿತು. ಯೋಚನೆಯ ಭಯ ಒಂದು, ಅದನ್ನು ಬಚ್ಚಿಟ್ಟ ಭಯ ಇನ್ನೊಂದು. ಹೇಳಿದರೆ ಕೂಸು ಹೊಸ್ತಿಲಿಗೆ ಹೋಗುತ್ತದೆ, ಅಲ್ಲಿಂದ ಹಿತ್ತಲಿಗೆ. ಹೋದ ಕೂಸುಗಳನ್ನು ಹಿತ್ತಲಲ್ಲಿರುವ ಬೇರೆ ಹೋದವರೇ ಸಾಕಬೇಕು, ತಾಯಿಯ ಹಾಲೂ ಇಲ್ಲ, ಕೈಯೂ ಇಲ್ಲ. ಹೇಳದಿದ್ದರೆ, ನಾಳೆ ಏನಾದರೂ ಆದರೆ, ತಾನೇ ಕೊಂದಂತೆ. ಈ ಎರಡರ ನಡುವೆ ಅವಳು ದಿನಗಳನ್ನು ನೂಕಿದಳು. ಕೂಸು ಮಲಗಿದಾಗೆಲ್ಲ ಹೋಗಿ ಅದರ ಮೂಗಿನ ಬಳಿ ಬೆರಳು ಹಿಡಿಯುತ್ತಿದ್ದಳು. ಬೆಚ್ಚಗಿನ ಗಾಳಿ ತಾಗಿದರೆ ಒಲೆಯ ಬಳಿಗೆ ಹಿಂತಿರುಗುತ್ತಿದ್ದಳು. ಒಲೆ ಮುಟ್ಟುವಷ್ಟರಲ್ಲಿ ಮತ್ತೆ ಅನುಮಾನ, ಮತ್ತೆ ತೊಟ್ಟಿಲ ಬಳಿಗೆ. ಅನ್ನ ಸೀಯಿತು, ಸಾರು ಉಕ್ಕಿತು, ಅವಳ ಮೈ ಇಳಿಯಿತು, ಹಾಲೂ ಕಡಿಮೆಯಾಯಿತು. ಹಾಲು ಕಡಿಮೆಯಾದದ್ದೇ ಅವಳಿಗೆ ಇನ್ನೊಂದು ಸೂಚನೆಯಂತೆ ಕಂಡಿತು.

ಅತ್ತೆಯ ಕಣ್ಣು ತಪ್ಪಿಸುವುದು ಸುಲಭವಲ್ಲ.

"ನಿನಗೆ ಬಂದಿದೆ" ಎಂದಳು ಅತ್ತೆ ಒಂದು ದಿನ, ಅಕ್ಕಿ ಆರಿಸುತ್ತಾ.

"ಇಲ್ಲ ಅತ್ತೆ."

"ನನ್ನ ಹತ್ರ ಮುಚ್ಚಿಡಬೇಡ ಮಗಳೇ. ಮೂಗಿನ ಹತ್ರ ಬೆರಳಿಟ್ಟು ನೋಡೋದು ನಾನೂ ಮಾಡಿದ್ದೀನಿ. ಹಿಂಗೇ, ನಿನ್ನ ಹಂಗೇ."

ಅತ್ತೆ ಮೊರ ಕೆಳಗಿಟ್ಟಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ಕಷ್ಟ ಅಂತ ನಂಗೊತ್ತು. ಮೊದಮೊದಲು ಕೈ ಕಡಿದು ಹಾಕಿದಂಗೆ ಆಗುತ್ತೆ. ಆಮೇಲೆ ಅಭ್ಯಾಸ ಆಗುತ್ತೆ. ಮಗು ಬದುಕಿದ್ರೆ ಸಾಕಲ್ವಾ? ಅಮಾವಾಸ್ಯೆ ಕಳೀಲಿ. ಅಷ್ಟರೊಳಗೆ ನೀನೇ ಹೇಳು. ಇಲ್ಲಾಂದ್ರೆ ನಾನು ಹೇಳ್ತೀನಿ."

ಆ ಮಧ್ಯಾಹ್ನ ಅತ್ತೆ ಮಲಗಿದ್ದಾಗ, ಸೊಸೆ ಹಿಂದಿನ ಬಾಗಿಲು ತೆಗೆದು ಜಗಲಿಗೆ ಬಂದಳು. ಬೆನ್ನು ತಿರುಗಿಸಲಿಲ್ಲ. ಆ ಮನೆಗೆ ಬಂದು ಅಷ್ಟು ಕಾಲವಾಗಿದ್ದರೂ ಹೋದವನ ಮುಖವನ್ನು ಅವಳು ನೋಡಿದ್ದು ಅವತ್ತೇ. ಗಂಡನದೇ ಹಣೆ, ಗಂಡನದೇ ಕಿವಿ. ಗೋಡೆಗೆ ಒರಗಿ ತೊಡೆಯ ಮೇಲೆ ನಾರು ಹೊಸೆಯುತ್ತಿದ್ದ.

"ಭಾವ" ಎಂದಳು.

ಅವನ ಕೈ ನಿಂತಿತು. ತನ್ನ ಹಿಂದೆ ಬೇರೆ ಯಾರಾದರೂ ಇದ್ದಾರೇನೋ ಎಂದು ಗೋಡೆಯ ಕಡೆಗೆ ತಿರುಗಿ ನೋಡಿದ.

"ನಿಮ್ಮನ್ನೇ ಕರೆದದ್ದು."

"ನನ್ನ ಹತ್ರ ಮಾತಾಡಬಾರ್ದು ತಾಯಿ. ಒಳಗೆ ಹೋಗು." ಬಳಸದೆ ಬಿಟ್ಟ ಗಂಟಲು, ಮಾತು ತಡೆದು ತಡೆದು ಬಂತು.

"ಒಂದು ಕೇಳಬೇಕಿತ್ತು. ನಿಮಗಾಗಿ ಅತ್ತಿದ್ದು ನೆನಪಿದೆಯಾ?"

ಅವನು ನಾರಿನ ಎಳೆಯೊಂದನ್ನು ಬಿಡಿಸತೊಡಗಿದ. ಹೇಳುವುದಿಲ್ಲ ಅಂದುಕೊಂಡಳು.

"ಹಲ್ಲು ಬೀಳ್ತಿದ್ದ ವಯಸ್ಸು. ಮೈಯೆಲ್ಲ ಜ್ವರ. ಹೊಸ್ತಿಲು ತಣ್ಣಗಿತ್ತು, ಹಿತ ಅನ್ನಿಸ್ತು. ಅವ್ವ ಅಷ್ಟು ಅಳೋದು ನೋಡಿ ನಂಗೂ ಅಳು ಬಂತು. ಯಾರೋ ಸತ್ತಿದ್ದಾರೆ ಅಂದ್ಕೊಂಡೆ. ಯಾರವ್ವಾ ಸತ್ತಿದ್ದು ಅಂತ ಕೇಳಿದೆ. ಯಾರೂ ಹೇಳಲಿಲ್ಲ."

"ಆಮೇಲೆ?"

"ಜ್ವರ ಬಿಡ್ತು. ಅವ್ವಾ ಅಂತ ಕರೆದೆ. ಬರಲಿಲ್ಲ. ಬಾಗಿಲ ಹಿಂದೆ ನಿಂತಿದ್ಲು, ಬಳೆ ಸದ್ದು ಕೇಳ್ತಿತ್ತು."

"ಸಾವು ಬಂತಾ ಭಾವ? ನಿಜವಾಗ್ಲೂ ಬಂದು, ನೋಡಿ, ಹೋಯ್ತಾ?"

"ನಾನು ಹಿತ್ತಲಲ್ಲಿ ಇರೋನು. ಮುಂದಿನ ಬಾಗಿಲಿಗೆ ಯಾರು ಬಂದ್ರು, ಯಾರು ಹೋದ್ರು, ನನಗೇನು ಗೊತ್ತು? ಅವ್ವ ಬರಲಿಲ್ಲ. ಅಷ್ಟು ಗೊತ್ತು."

ಒಳಗೆ ಕೂಸು ಮುಲುಗಿತು. ಸೊಸೆ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟು ನಿಂತಳು. ಬಾಯಿಗೆ ಬಂದದ್ದನ್ನು ತಡೆಯಲಾಗಲಿಲ್ಲ.

"ನನಗೆ ಬಂದಿದೆ ಭಾವ. ಕೂಸಿನ ಬಗ್ಗೆ. ದಿನಾ ಬರ್ತಿದೆ. ನಾನು ಹೇಳಿಲ್ಲ."

ಅವಳು ಅಂದುಕೊಂಡಂತೆ ಅವನು ಬೆಚ್ಚಿಬೀಳಲಿಲ್ಲ. ಅರ್ಧಕ್ಕೆ ನಿಂತ ಹಗ್ಗವನ್ನು ನೋಡುತ್ತಾ ಹೇಳಿದ.

"ನನಗೂ ಬರುತ್ತೆ. ಅವ್ವನಿಗೆ ಏನಾದ್ರೂ ಆಗಿಬಿಟ್ರೆ ಅಂತ. ಚಿಕ್ಕೋನಿದ್ದಾಗಿಂದ ಬರುತ್ತೆ. ಹೋದವರನ್ನ ಅಳುವಮ್ಮ ಕೇಳಲ್ಲ ನೋಡು, ಹಂಗಾಗಿ ನಾನು ಯಾರಿಗೂ ಹೇಳಿಲ್ಲ, ಅತ್ತೂ ಇಲ್ಲ. ಸುಮ್ನೆ ಕೂತಿರ್ತೀನಿ. ಬರುತ್ತೆ. ಎದೆ ಹಿಂಡುತ್ತೆ. ಇನ್ನೇನು ಮುಗೀತು ಅನ್ನಿಸುತ್ತೆ. ಆಮೇಲೆ ಹೋಗುತ್ತೆ. ಹೊತ್ತಾದ ಮೇಲೆ ಅವ್ವ ಎಲೆ ಇಡೋಕೆ ಬರ್ತಾಳೆ."

"ಏನೂ ಆಗಿಲ್ಲ?"

"ಏನೂ ಆಗಿಲ್ಲ. ವಯಸ್ಸಾಗಿದೆ, ಅಷ್ಟೇ. ನಡೆಯೋ ಸದ್ದಲ್ಲೇ ಗೊತ್ತಾಗುತ್ತೆ."

ಸೊಸೆ ಒಳಗೆ ಹೋದಳು. ಅಷ್ಟು ವರ್ಷ, ದಿನವೂ ಬಂದ ಯೋಚನೆ. ಒಂದು ಹನಿ ಕಣ್ಣೀರೂ ಅದಕ್ಕೆ ಸಿಕ್ಕಿಲ್ಲ. ಕಟ್ಟಳೆ ನಿಜವಾಗಿದ್ದರೆ ಅತ್ತೆ ಎಂದೋ ಮಣ್ಣಾಗಬೇಕಿತ್ತು. ಅತ್ತೆ ಒಳಗೆ ಗೊರಕೆ ಹೊಡೆಯುತ್ತಿದ್ದಳು.

ಮರುದಿನ ಮಧ್ಯಾಹ್ನ ಕೂಸು ಮಲಗಿತು, ಯೋಚನೆ ಬಂತು. ಸೊಸೆ ಏಳಲಿಲ್ಲ. ತೊಟ್ಟಿಲಿನಿಂದ ನಾಲ್ಕು ಮಾರು ದೂರದಲ್ಲಿ, ನೆಲಕ್ಕೆ ಎರಡೂ ಅಂಗೈ ಊರಿ ಕೂತಳು. ಮೊದಲು ಹೊಟ್ಟೆ ತಣ್ಣಗಾಯಿತು. ಆಮೇಲೆ ಪಕ್ಕೆ ಬಿಗಿಯಿತು. ಆಮೇಲೆ ಖಾಲಿ ತೊಟ್ಟಿಲು ಕಂಡಿತು. ಓಡು, ಹೋಗಿ ನೋಡು ಎಂದು ಕಾಲುಗಳು ಒದ್ದಾಡಿದವು. ಅವಳು ಹೋಗಲಿಲ್ಲ. ಭಯ ಒಲೆಯ ಮೇಲಿನ ಹಾಲಿನಂತೆ ಏರಿ ಏರಿ ಅಂಚಿಗೆ ಬಂತು. ಈಗ ತನ್ನ ಪ್ರಾಣವೇ ಹೋಗುತ್ತದೆ ಅಂದುಕೊಂಡಳು. ಹೋಗಲಿಲ್ಲ. ಅಂಚಿಗೆ ಬಂದದ್ದು ಅಲ್ಲೇ ಒಂದಷ್ಟು ಹೊತ್ತು ನಿಂತು, ನಿಧಾನವಾಗಿ ಇಳಿಯಿತು. ತೊಟ್ಟಿಲಲ್ಲಿ ಕೂಸು ತನ್ನ ಪಾಡಿಗೆ ತಾನು ಉಸಿರಾಡುತ್ತಿತ್ತು. ಅವಳಿಗೆ ಹಾಗೆಲ್ಲ ಆಗುತ್ತಿದೆ ಎಂಬುದೇ ಅದಕ್ಕೆ ಗೊತ್ತಿರಲಿಲ್ಲ.

ಇದರಿಂದ ಭಯ ಹೋಯಿತು ಎಂದು ನಾನು ಹೇಳಿದರೆ ನೀವು ನಂಬಬೇಡಿ. ಹೋಗಲಿಲ್ಲ. ಮತ್ತೆ ಬಂತು, ಸಂಜೆಯೂ ಬಂತು, ಮರುದಿನವೂ ಬಂತು. ಆದರೆ ಈಗ ಅದು ಬರುವ ದಾರಿ ಅವಳಿಗೆ ಗೊತ್ತಾಗತೊಡಗಿತು. ಹಸಿದಾಗ ಜಾಸ್ತಿ. ಕೂಸು ಹೆಚ್ಚು ಹೊತ್ತು ಮಲಗಿದಾಗ ಜಾಸ್ತಿ. ಅಳುವಮ್ಮನ ದನಿ ಬೀದಿಯ ಆ ತುದಿಯಲ್ಲಿ ಕೇಳಿಸಿದಾಗ ಎಲ್ಲಕ್ಕಿಂತ ಜಾಸ್ತಿ. ಸಾವು ಹೇಳಿಕಳಿಸುವುದಾದರೆ ಅದು ತನ್ನ ಹಸಿವನ್ನು ನೋಡಿಕೊಂಡು ಯಾಕೆ ಹೇಳಿಕಳಿಸಬೇಕು ಎಂದು ಅವಳು ಯೋಚಿಸಿದಳು. ಒಂದು ಹೊತ್ತು ಹೊಟ್ಟೆ ತುಂಬ ಉಂಡಳು.

ಇದನ್ನು ಭಾವನಿಗೆ ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಅತ್ತೆಗೆ ಅನುಮಾನ ಬಂದು ಹಿಂದಿನ ಬಾಗಿಲ ಬಳಿಯೇ ಚಾಪೆ ಹಾಕಿ ಕೂರತೊಡಗಿದಳು. ಒಂದು ದಿನ ಕಳೆಯಿತು, ಇನ್ನೊಂದು ದಿನವೂ ಕಳೆಯಿತು. ಎಲೆ ಇಡುವುದು ಅತ್ತೆಯ ಕೆಲಸ. ಬೆನ್ನು ಮುಂದಾಗಿ ಹೋಗುತ್ತಿದ್ದಳು, ಬಗ್ಗಿ ಎಲೆ ಇಡುತ್ತಿದ್ದಳು, ಬರುತ್ತಿದ್ದಳು.

ಅಮಾವಾಸ್ಯೆಯ ಹಿಂದಿನ ದಿನ ಹಿತ್ತಲಲ್ಲಿ ಕಾಗೆಗಳ ಗಲಾಟೆ. ಓಡಿಸಲೆಂದು ಸೊಸೆ ಅತ್ತೆಯನ್ನು ದಾಟಿಕೊಂಡು ಹೊರಗೆ ಹೋದಳು. ಜಗಲಿಯ ಮೇಲೆ ಎರಡು ಎಲೆ, ಒಂದರ ಪಕ್ಕ ಒಂದು. ಒಂದರಲ್ಲಿ ಅನ್ನ ಒಣಗಿ ಕಾಳುಕಾಳಾಗಿತ್ತು. ಇನ್ನೊಂದು ಅವತ್ತಿನದು. ಎರಡನ್ನೂ ಕೈಯಿಂದ ಯಾರೂ ಮುಟ್ಟಿರಲಿಲ್ಲ. ಹೋದವನು ಗೋಡೆಯ ಕಡೆ ಮುಖ ಮಾಡಿ, ಮೊಣಕಾಲು ಮಡಚಿ ಮಲಗಿದ್ದ. ಸೊಸೆ ಅವನ ಭುಜ ಮುಟ್ಟಿದಳು. ಅವನನ್ನು ಅಷ್ಟು ವರ್ಷಗಳಲ್ಲಿ ಮುಟ್ಟಿದ ಮೊದಲ ಕೈ ಅದು, ಅವನಿಗೆ ಗೊತ್ತಾಗಲಿಲ್ಲ.

"ಅತ್ತೆ" ಎಂದು ಕರೆದಳು. "ಈ ಕಡೆ ತಿರುಗಿ ನೋಡಿ ಅತ್ತೆ. ಇನ್ನು ನೋಡಬಹುದು."

ಅತ್ತೆ ಬಾಗಿಲಲ್ಲಿ ನಿಂತಳು. ಮೊದಲು ಎಲೆಗಳನ್ನು ನೋಡಿದಳು. ಎರಡನೇ ಎಲೆಯನ್ನು ತಾನೇ ಮೊದಲನೆಯದರ ಪಕ್ಕದಲ್ಲಿ ಇಟ್ಟದ್ದು, ತಿರುಗಿದ್ದರೆ ಗೊತ್ತಾಗುತ್ತಿತ್ತು, ತಿರುಗಲಿಲ್ಲ. ಆಮೇಲೆ ಮಗನನ್ನು ನೋಡಿದಳು. ಹಲ್ಲು ಬಿದ್ದ ಹುಡುಗನನ್ನು ಬಿಟ್ಟು ಬಂದವಳಿಗೆ ನರೆತ ಗಡ್ಡದ ಗಂಡಸು ಕಂಡ. ಅವಳು ಬಾಯಿ ತೆರೆದಳು.

ಕಾಗೆಗಳ ಗಲಾಟೆ ಕೇಳಿ ಅಳುವಮ್ಮ ಆಗಲೇ ಹಿತ್ತಲಿಗೆ ಬಂದಿದ್ದಳು. ಬಂದವಳೇ ಅತ್ತೆಯ ಬಾಯಿಯ ಮೇಲೆ ಕೈಯಿಟ್ಟಳು.

"ಬೇಡ. ಇವನಿಗೆ ಅತ್ತಾಗಿದೆ. ಒಬ್ಬರಿಗೆ ಎರಡು ಸಲ ಅತ್ತರೆ ಸಾವು ಇನ್ನೊಬ್ಬರನ್ನ ಕೇಳುತ್ತೆ. ಮನೇಲಿ ಕೂಸಿದೆ."

ಅತ್ತೆ ನುಂಗಿಕೊಂಡಳು. ಹೋದವರು ನಿಜವಾಗಿ ಹೋದಾಗ ಆ ಊರಿನಲ್ಲಿ ಏನೂ ಮಾಡುತ್ತಿರಲಿಲ್ಲ. ನಾಲ್ಕು ಜನ ಬಂದು, ಚಾಪೆ ಸಮೇತ ಸುತ್ತಿ, ಹಿತ್ತಲ ದಾರಿಯಿಂದಲೇ ಗುಡ್ಡಕ್ಕೆ ಒಯ್ದರು. ಅವನೇ ಹೊಸೆದ ಹಗ್ಗದಿಂದ ಕಟ್ಟಿದರು. ಜಗಲಿಯ ಮೇಲೆ ಚಾಪೆ ಇದ್ದ ಜಾಗ ಮಾತ್ರ ಧೂಳಿಲ್ಲದೆ ಕಪ್ಪಗೆ ಉಳಿಯಿತು. ಅತ್ತೆ ಆ ಜಾಗದ ಪಕ್ಕದಲ್ಲಿ ಕೂತಳು. ಅಂದು ಅತ್ತು ಮುಗಿಸಿದ್ದೇನೆ ಅಂದುಕೊಂಡಿದ್ದ ದುಃಖ ಒಂದು ಹನಿಯೂ ಖರ್ಚಾಗದೆ ಒಳಗೆ ಹಾಗೇ ಇತ್ತು. ಈಗ ಅದಕ್ಕೆ ಹೊರಬರುವ ದಾರಿಯೂ ಇರಲಿಲ್ಲ. ಇದಕ್ಕಿಂತ ಕೆಟ್ಟ ಸ್ಥಿತಿಯನ್ನು ನಾನು ಯಾವ ಊರಿನಲ್ಲೂ ಕೇಳಿಲ್ಲ.

ಮರುದಿನ ಬೆಳಿಗ್ಗೆ ಕೂಸಿನ ಮೈ ಸುಡುತ್ತಿತ್ತು.

ಯೋಚನೆಯಲ್ಲ, ನಿಜವಾದ ಜ್ವರ. ಹಾಲು ಕುಡಿಯಲಿಲ್ಲ, ಕಣ್ಣು ಪೂರ್ತಿ ತೆರೆಯಲಿಲ್ಲ. ಸೊಸೆ ಒದ್ದೆ ಬಟ್ಟೆ ಹಿಂಡಿ ಹಣೆಗೆ ಹಾಕಿದಳು, ಬೇವಿನ ಎಲೆ ಕುದಿಸಿದ ನೀರಿನಿಂದ ಮೈ ಒರೆಸಿದಳು. ಪಕ್ಕದೂರಿನ ನಾಟಿ ವೈದ್ಯರನ್ನು ಕರೆತರಲು ಗಂಡ ಹೋದ. ಅವರು ಬಂದು ಕಷಾಯ ಕೊಟ್ಟು, "ಇವತ್ತು ನಾಳೆ ನೋಡಬೇಕು" ಅಂದು ಹೋದರು. ಇವತ್ತು ನಾಳೆ ಅಂದರೆ ಎರಡೂ ಕಡೆ ಅರ್ಥ ಹೋಗುವ ಮಾತು. ಯೋಚನೆ ಆ ಮಾತಿಗೇ ಕಾದಿದ್ದಂತೆ ಬಂದು ಕೂತಿತು, ಮತ್ತೆ ಏಳಲಿಲ್ಲ.

ಸಂಜೆಯ ಹೊತ್ತಿಗೆ ಅರ್ಧ ಬೀದಿ ಅವರ ಬಾಗಿಲಲ್ಲಿತ್ತು. ಅಳುವಮ್ಮ ಮುಂದೆ, ಹೊಸ ಮಡಕೆ ಹಿಡಿದವರು ಹಿಂದೆ. ಅವತ್ತು ಅವಳ ಪ್ರಶ್ನೆಯೂ ಪ್ರಶ್ನೆಯಾಗಿರಲಿಲ್ಲ.

"ಏನಾದ್ರೂ ಬಂತಾ?"

ಗಂಡ ಒಳಗೆ ಬಂದು ಹೆಂಡತಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಅವನ ಮುಖದ ಮೇಲೆ ಸುಣ್ಣದ ಧೂಳು, ಧೂಳಿನಲ್ಲಿ ಕಣ್ಣೀರಿನ ಗೆರೆ.

"ಅತ್ತುಬಿಡೋಣ ಕಣೇ" ಎಂದ. "ನನ್ನಿಂದ ಆಗ್ತಿಲ್ಲ. ಹೆಂಗಾದ್ರೂ ಇರ್ಲಿ, ಎಲ್ಲಾದ್ರೂ ಇರ್ಲಿ. ಬದುಕಿದ್ರೆ ಸಾಕು."

"ಹಿತ್ತಲಲ್ಲಿ ಈಗ ಯಾರಿದ್ದಾರೆ?" ಎಂದಳು ಅವಳು. "ಅಲ್ಲಿ ಇದನ್ನ ಎತ್ಕೊಳ್ಳೋರು ಯಾರು?"

ಅವಳು ಕೂಸನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಬಾಗಿಲಿಗೆ ಬಂದಳು. ಈ ಸಲ ಬಚ್ಚಿಡಲು ಹೋಗಲಿಲ್ಲ.

"ಬಂತು" ಎಂದಳು.

ಗುಂಪು ಉಸಿರೆಳೆದುಕೊಂಡಿತು. ಅಳುವಮ್ಮ ಸೆರಗು ಬಿಗಿದಳು.

"ಇವತ್ತಲ್ಲ, ಬಹಳ ದಿನದಿಂದ ಬರ್ತಿದೆ. ನಾನು ನಿಮಗೆ ಸುಳ್ಳು ಹೇಳಿದೆ. ಇವಳು ಸತ್ತುಹೋಗ್ತಾಳೆ ಅಂತ ಬರುತ್ತೆ. ಬಂದಾಗ ನನ್ನ ಹೊಟ್ಟೆ ತಣ್ಣಗಾಗುತ್ತೆ, ಪಕ್ಕೆ ಹಿಡಿಯುತ್ತೆ, ನಿಲ್ಲೋಕಾಗಲ್ಲ. ಈಗ್ಲೂ ಇದೆ. ಆದ್ರೆ ಅದು ನನಗೆ ಬಂದಿರೋದು. ಇವಳಿಗೆ ಬಂದಿರೋದು ಜ್ವರ. ಜ್ವರಕ್ಕೆ ಬಟ್ಟೆ ಹಾಕ್ತೀನಿ, ಕಷಾಯ ಕುಡಿಸ್ತೀನಿ. ನನ್ನ ಭಯಕ್ಕೆ ಇವಳನ್ನ ಹೊಸ್ತಿಲ ಮೇಲೆ ಕೂರಿಸಲ್ಲ."

"ಕೂಸು ಹೋದ್ರೆ?" ಎಂದಳು ಅಳುವಮ್ಮ. ಕೆಟ್ಟತನದಿಂದ ಕೇಳಿದ್ದಲ್ಲ. ಅವಳೂ ಹೆದರಿದ್ದಳು.

"ಹೋದ್ರೆ ಆವಾಗ ಅಳ್ತೀನಿ."

ಮಡಕೆ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾಯಿಗೆ ತಲೆ ಕೆಟ್ಟಿದೆ ಎಂದು ಯಾರೋ ಅಂದರು. ತಾಯಿ ಒಪ್ಪದಿದ್ದರೆ ಮನೆಯ ಹಿರಿಯಳು ಒಪ್ಪಿದರೂ ನಡೆಯುತ್ತದೆ ಎಂದು ಇನ್ನಾರೋ ನೆನಪಿಸಿದರು. ಅದೂ ಕಟ್ಟಳೆಯೇ. ಎಲ್ಲರೂ ಹಿಂದಿನ ಬಾಗಿಲಿನ ಕಡೆ ನೋಡಿದರು. ಅಲ್ಲಿಂದ ಅತ್ತೆ ಎದ್ದು, ಗೋಡೆ ಹಿಡಿದುಕೊಂಡು, ನಡುಮನೆ ದಾಟಿ ಬಂದಳು. ಹಿಂದಿನ ದಿನದಿಂದ ಅವಳು ಒಂದು ಮಾತೂ ಆಡಿರಲಿಲ್ಲ.

"ನೀನಾದ್ರೂ ಹೇಳಮ್ಮ" ಎಂದಳು ಅಳುವಮ್ಮ. "ಅವತ್ತು ನೀನು ಧೈರ್ಯ ಮಾಡಿದ್ದಕ್ಕೆ ನಿನ್ನ ಮಗ ಬದುಕಿದ."

ಅತ್ತೆ ಹೊಸ್ತಿಲ ಬಳಿ ನಿಂತಳು. ಸೊಸೆಯ ಎದೆಗೆ ಒರಗಿದ್ದ ಕೂಸನ್ನು ನೋಡಿದಳು.

"ಬದುಕಿದ" ಎಂದಳು ಅತ್ತೆ. "ನನ್ನ ಕೆಂಚ ಬದುಕಿದ."

ಅಳಿಸಿಹಾಕಿದ್ದ ಹೆಸರು ಬೀದಿಯಲ್ಲಿ ಕೇಳಿದಾಗ ಜನ ಹಿಂದಕ್ಕೆ ಸರಿದರು.

"ನಾನೂ ನನ್ನ ಈ ಚಿಕ್ಕ ಮಗನ ಹಂಗೇ ಅಂದಿದ್ದೆ. ಬದುಕಿದ್ರೆ ಸಾಕು, ಬದುಕಿದ್ರೆ ಸಾಕು ಅಂತ. ಬದುಕಿದ. ನಮ್ಮ ಹಿತ್ತಲಲ್ಲೇ ಬದುಕಿದ. ಅವ್ವಾ ಅಂದ, ನಾನು ಹೋಗಲಿಲ್ಲ. ದಿನಾ ಅನ್ನ ಇಟ್ಟೆ, ಉಂಡ್ಯಾ ಅಂತ ಕೇಳಲಿಲ್ಲ. ಸತ್ತದ್ದೂ ನನಗೆ ಗೊತ್ತಾಗಲಿಲ್ಲ." ಅವಳು ಉಸಿರು ತೆಗೆದುಕೊಂಡಳು. "ಸಾಕಾಗಲಿಲ್ಲ. ನೀವೆಲ್ಲ ಕೇಳಿಸ್ಕೊಳ್ಳಿ. ಬದುಕಿದ, ಸಾಕಾಗಲಿಲ್ಲ."

ಹಾಗೆ ಹೇಳಿ ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. ಹೋಗುವವರನ್ನು ಕೂರಿಸುವ ಜಾಗದಲ್ಲಿ, ಬೀದಿಗೆ ಮುಖ ಮಾಡಿ, ಬಾಗಿಲ ಚೌಕಟ್ಟಿನ ಎರಡೂ ಬದಿಯನ್ನು ಕೈಯಲ್ಲಿ ಹಿಡಿದು ಕೂತಳು. ಆಮೇಲೆ ಬಾಯಿ ತೆರೆದು ಅತ್ತಳು. ಅದು ಅಳುವಮ್ಮ ಕಲಿಸಿದ ಅಳುವಲ್ಲ, ಅದಕ್ಕೆ ರಾಗವಿರಲಿಲ್ಲ, ಮಾತಿರಲಿಲ್ಲ. ಎದೆ ಬಡಿದುಕೊಳ್ಳುವುದೂ ಅವಳಿಗೆ ನೆನಪಾಗಲಿಲ್ಲ. ಅಳುವಮ್ಮ ಅವಳ ಬಾಯಿ ಮುಚ್ಚಲೆಂದು ಕೈ ಎತ್ತಿದಳು, ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ನಿಂತಳು. ಜನ ಒಬ್ಬೊಬ್ಬರಾಗಿ ಮನೆಗಳಿಗೆ ಹೋದರು. ಕೆಲವರು ಹಾಗೇ ತಮ್ಮ ಹಿತ್ತಲ ಬಾಗಿಲವರೆಗೂ ಹೋದರು, ಅದರ ಹಿಂದೆ ನಿಂತರು, ತೆಗೆಯಲಿಲ್ಲ.

ಕೂಸಿನ ಜ್ವರ ಇಳಿಯಿತು. ಆದರೆ ಅದು ಆಮೇಲಿನ ಮಾತು. ಆ ಸಂಜೆ ಅದು ಯಾರಿಗೂ ಗೊತ್ತಿರಲಿಲ್ಲ. ಆ ಸಂಜೆಗೆ ಇದ್ದದ್ದು ಸುಡುವ ಕೂಸು, ಒದ್ದೆ ಬಟ್ಟೆ, ತೆರೆದ ಬಾಗಿಲು, ಅದರಿಂದ ಒಳಗೆ ಬರುವ ಬಿಳಿ ಧೂಳು. ಗಂಡ ನೀರು ತರಲು ಹೋಗಿದ್ದ. ಸೊಸೆ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ದೀಪದ ಪಕ್ಕ ಕೂತಿದ್ದಳು.

ಅತ್ತೆ ಅತ್ತು ಅತ್ತು ಸುಸ್ತಾಗಿ ಒಳಗೆ ಬಂದಳು. ಸೊಸೆಯ ಎದುರು ಕೂತಳು. ಸುಮಾರು ಹೊತ್ತು ಕೂಸಿನ ಎದೆ ಏರಿ ಇಳಿಯುವುದನ್ನೇ ಇಬ್ಬರೂ ನೋಡಿದರು.

"ಇನ್ನೂ ಬರ್ತಿದೆಯಾ?" ಎಂದಳು ಅತ್ತೆ.

"ಬರ್ತಾನೇ ಇದೆ ಅತ್ತೆ."

"ನನಗೂ ಬರ್ತಿದೆ." ಅತ್ತೆ ಕಣ್ಣೊರೆಸಿಕೊಂಡು, ಎರಡೂ ಕೈ ಚಾಚಿದಳು. "ಇತ್ತ ಕೊಡು ಮಗಳೇ. ಸ್ವಲ್ಪ ಹೊತ್ತು ನಾನು ಎತ್ಕೊಂಡಿರ್ತೀನಿ. ನೀನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಹೋಗಿ ಒಂದು ತುತ್ತು ಉಣ್ಣು."